ಕೊನೆಯ ಹಾಳೆಯಿಲ್ಲದ ಹೆಬ್ಬಾತು

ಬಲ್ಲರಾಟ್‌ನಲ್ಲಿ ಜುಲೈ ಎಂದರೆ ಚಳಿಗಾಲ.
ಇದನ್ನು ಮೈ ಒಪ್ಪಿಕೊಳ್ಳಲು ಒಂಬತ್ತು ವರ್ಷ ಬೇಕಾಯಿತು.
ಶನಿವಾರ ಹತ್ತೂವರೆಗೆ ಗ್ರಂಥಾಲಯದ ಮೂಲೆಯಲ್ಲಿ
ನೀಲಿ ಜಮಖಾನ ಹಾಸಿ, ಹೀಟರ್ ಹಚ್ಚಿ,
ಮೂಗು ಸುರಿಸುವ ಹದಿನಾಲ್ಕು ಮಕ್ಕಳಿಗೆ
ಕಥೆ ಓದುತ್ತೇನೆ.
ಉಳಿದ ದಿನ ಹರಿದ ಪುಸ್ತಕಗಳಿಗೆ
ಅಂಟು, ದಾರ, ಹೊಲಿಗೆ. ಸಂಬಳ ಅದಕ್ಕೆ.

ಮಕ್ಕಳು ಮತ್ತೆ ಮತ್ತೆ ಕೇಳುವುದು ಹೆಬ್ಬಾತಿನ ಪುಸ್ತಕ.
ಚೌಕನೆಯದು, ಬೆನ್ನು ಮುರಿದದ್ದು,
ಮೂಲೆಯಲ್ಲಿ ಯಾರದೋ ಹಾಲುಹಲ್ಲಿನ ಗುರುತು.
ಕಥೆ ಇಷ್ಟೇ:
ಒಂದು ಬಿಳಿ ಹೆಬ್ಬಾತು. ಕೇಳಿದವರಿಗೆಲ್ಲ ಗರಿ ಕೊಡುತ್ತದೆ.
ಇಲಿಗೆ ಹಾಸಿಗೆ. ಅಂಚೆಯವಳಿಗೆ ಲೇಖನಿ.
ಹೊಸ ಮಗುವಿಗೆ ದಿಂಬು, ಅದಕ್ಕೇ ಎರಡು ಪುಟ.
ನರಿಗೂ ಒಂದು, ಕಿವಿ ಕೆರೆದುಕೊಳ್ಳಲು.
ಪುಟ ತಿರುವಿದಂತೆ ಹೆಬ್ಬಾತು ಸಣ್ಣಗಾಗುತ್ತದೆ,
ಬಿಳಿಯಿಂದ ತಿಳಿಗುಲಾಬಿಗೆ ಬರುತ್ತದೆ.
ಮುಖದ ನಗು ಮಾತ್ರ ಚಿತ್ರಕಾರ ಬದಲಿಸಿಲ್ಲ.
ಇಪ್ಪತ್ತೆರಡನೇ ಪುಟದಲ್ಲಿ ಮೊದಲ ಹಿಮ.
ಆಮೇಲಿನ ಹಾಳೆ ಇಲ್ಲ.
ಯಾವುದೋ ಮಗು ಕಿತ್ತುಕೊಂಡಿದೆ, ಬಹುಶಃ ಇಷ್ಟಪಟ್ಟು.

ಹಾಗಾಗಿ ಕೊನೆ ನನ್ನ ಪಾಲಿಗೆ.
"ಹೆಬ್ಬಾತಿಗೆ ಬಹಳ ಸಂತೋಷವಾಯಿತು" ಎಂದು ಮುಗಿಸುತ್ತಿದ್ದೆ.
ಹಿಂದೆ ನಿಂತ ಅಮ್ಮಂದಿರು ಕಾಫಿ ಲೋಟ ಎದೆಗೊತ್ತಿಕೊಂಡು
"ಆಹ್" ಎನ್ನುತ್ತಿದ್ದರು.

ಆ ಶನಿವಾರ ಮಾರ್ಲೋ ಕೈ ಎತ್ತಿದ.
ಐದು ವರ್ಷ. ಅಜ್ಜನ ಜೊತೆ ಬರುವವನು.
ಮಾತು ಕಮ್ಮಿ, ಎಡ ಬೂಟಿನ ಲೇಸು ಸದಾ ಬಿಚ್ಚಿರುವುದು.
"ಅದಕ್ಕೆ ಚಳಿ ಆಗಲಿಲ್ವಾ?"

ಹೀಟರ್ ಟಿಕ್ ಟಿಕ್ ಎಂದಿತು.
"ಇಲ್ಲ ಮರಿ, ಕೊಟ್ಟವರಿಗೆ ಚಳಿ ಆಗೋದಿಲ್ಲ."
ಅಂದವಳ ನಾಲಿಗೆಯೇ ಕಹಿಯಾಯಿತು.

ಅವ್ವ.
ಹಂಚಿನ ಮೊದಲ ರೊಟ್ಟಿ, ಸೀದದ್ದು, ಯಾವಾಗಲೂ ಅವಳದು.
"ನನಗ ಹೊತ್ತಿದ್ದೇ ಸೇರ್ತದ" ಅನ್ನುತ್ತಿದ್ದಳು.
ನಂಬಿದೆವು. ನಾಲ್ಕು ಮಕ್ಕಳು, ಅಪ್ಪ, ಎಲ್ಲರೂ.
ಅವಳಿಗೆ ಐವತ್ತು ತುಂಬಿದ ದಿನ
ನಾವು ಅಕ್ಕತಂಗಿಯರೇ ಒಲೆ ಮುಂದೆ ಕೂತು,
ಅವಳನ್ನು ಮಣೆಯ ಮೇಲೆ ಕೂರಿಸಿ,
ಒಂದು ರೊಟ್ಟಿಯನ್ನು ಬೇಕೆಂದೇ ಸುಟ್ಟು
ತುಪ್ಪ ಸವರಿ ಬಡಿಸಿದೆವು,
ಎಷ್ಟೊಂದು ಪ್ರೀತಿಯಿಂದ.
ತಿಂದಳು. ಒಂದು ಚೂರೂ ಬಿಡದೆ ತಿಂದಳು.

ಮಾರ್ಲೋ ಪುಸ್ತಕವನ್ನು ಮನೆಗೆ ಒಯ್ದ.
ಬುಧವಾರ ವಾಪಸಾತಿ ಡಬ್ಬಿಯಲ್ಲಿ ಸಿಕ್ಕಾಗ ಅದು ಉಬ್ಬಿಕೊಂಡಿತ್ತು.
ಇಪ್ಪತ್ತೆರಡನೇ ಪುಟ: ಹೆಬ್ಬಾತಿನ ಮೈಮೇಲೆ
ಹಸಿರು ಪಟ್ಟೆಯ ಉಣ್ಣೆ ಕಾಲ್ಚೀಲದ ತುಂಡು,
ಕತ್ತರಿ ಎಡವಿ ಎಡವಿ ಓಡಿದ ಅಂಚು,
ಅರ್ಧ ಬಾಟಲಿ ಗೋಂದು.
ನಿಯಮದ ಪ್ರಕಾರ ಇದು ಹಾನಿ. ಕೆಂಪು ಮೊಹರು, ದಂಡ, ವಜಾ.
ಗ್ಲೆನಿಸ್, ನನ್ನ ಮೇಲಿನವಳು, ನಿವೃತ್ತಿಗೆ ಆರು ತಿಂಗಳು,
ಕನ್ನಡಕ ಏರಿಸಿ ನೋಡಿದಳು, ಬೆರಳಿನಿಂದ ಸವರಿದಳು.
ರಿಜಿಸ್ಟರಿನಲ್ಲಿ "ದುರಸ್ತಿಯಾಗಿದೆ" ಎಂದು ಬರೆದು
ಮಾಡಿದವರ ಹೆಸರಿನ ಜಾಗ ಖಾಲಿ ಬಿಟ್ಟಳು.

ಮುಂದಿನ ಶನಿವಾರ
ಹೊರಗೆ ಕಾರುಗಳ ಗಾಜಿನ ಮೇಲೆ ಇಬ್ಬನಿ ಗಡ್ಡೆಕಟ್ಟಿತ್ತು.
ಮಾರ್ಲೋ ಮುಂದಿನ ಸಾಲಿನಲ್ಲೇ ಕೂತ.
ಬಲಗಾಲಿಗೆ ಹಸಿರು ಪಟ್ಟೆ.
ಎಡ ಬೂಟಿನ ಮೇಲೆ ಬರೀ ಕಣಕಾಲು, ಕೆಂಪಗೆ.
ನಾನು ನೋಡುವುದನ್ನು ನೋಡಿದ.
ಕಾಲನ್ನು ತೊಡೆಯಡಿ ಎಳೆದುಕೊಂಡು
"ನನಗೇನೂ ಚಳಿ ಇಲ್ಲ" ಎಂದ,
ಯಾರೂ ಕೇಳುವ ಮೊದಲೇ.

ಈ ಸಲ ನಂಬಲಿಲ್ಲ.
ಹದಿಮೂರು ಮಕ್ಕಳ ಗಲಾಟೆಯನ್ನು ಅವರಿಗೇ ಬಿಟ್ಟು
ಕಳೆದುಹೋದವುಗಳ ಬುಟ್ಟಿ ತಡಕಿದೆ.
ಒಂಟಿ ಕೈಗವಸು, ಇನ್ನೊಂದು ಒಂಟಿ ಕೈಗವಸು, ಯಾರದೋ ಹಲ್ಲಿನ ಕ್ಲಿಪ್ಪು,
ಕೊನೆಗೆ ಹಳದಿ ಕಾಲ್ಚೀಲವೊಂದು, ಅವನಿಗೆ ಎರಡು ಅಳತೆ ದೊಡ್ಡದು.
ಜಮಖಾನದ ಮೇಲೆ ಮಂಡಿಯೂರಿದೆ.
ಲೇಸು ಹೇಗೂ ಬಿಚ್ಚಿತ್ತು.
ಒಂದು ಕ್ಷಣ ಹಿಂದಕ್ಕೆ ಎಳೆದುಕೊಂಡ.
ಆಮೇಲೆ, ಹೆಬ್ಬಾತಿನ ಕಡೆ ನೋಡುತ್ತಾ,
ಕಾಲು ಕೊಟ್ಟ.